ಬಲಗಡೆಯ ಜಗಲಿ

ಒಬ್ಬ ಗೃಹಸ್ಥ ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ದಿನಕ್ಕೆ ಎಷ್ಟು ಜನರ ಬೆನ್ನು ನೋಡಬಹುದು, ಎಷ್ಟನೆಯ ಬೆನ್ನಿಗೆ ಅವನ ಮನಸ್ಸು ಕೆಡುತ್ತದೆ ಎಂಬ ಪ್ರಶ್ನೆಯನ್ನು ಆಳುವವರಾಗಲಿ ಪಂಡಿತರಾಗಲಿ ಈವರೆಗೆ ಕೈಗೆತ್ತಿಕೊಂಡಿಲ್ಲ. ಇದು ಅವರ ಉದಾಸೀನ. ಸಕಾಲದಲ್ಲಿ ಕೈಗೆತ್ತಿಕೊಂಡಿದ್ದರೆ ಕೊಡೆಯಪ್ಪನವರ ಕಥೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಕೊಡೆಯಪ್ಪ ಎಂಬುದು ಹುಟ್ಟುಹೆಸರಲ್ಲ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವ ಕಿಟಕಿಯ ಹಿಂದೆ ಅವರು ಇಪ್ಪತ್ತೊಂಬತ್ತು ವರ್ಷದಿಂದ ಕುಳಿತಿದ್ದರು. ಜನ ಮರೆಯುವ ಸಾಮಾನಿನಲ್ಲಿ ಮುಕ್ಕಾಲು ಪಾಲು ಕೊಡೆ. ಕೊಡೆ ಕೇಳಿಕೊಂಡು ಬಂದವರಿಗೆ ಅವರು ಕನ್ನಡಕ ಏರಿಸಿಕೊಂಡು, "ಕಡ್ಡಿ ಎಷ್ಟು? ಎಷ್ಟನೇ ಕಡ್ಡಿ ಬಾಗಿದೆ?" ಎಂದು ಕೇಳುತ್ತಿದ್ದರು. ತನ್ನ ಕೊಡೆಯ ಕಡ್ಡಿ ಎಣಿಸಿಟ್ಟುಕೊಂಡ ಮನುಷ್ಯ ಇನ್ನೂ ಹುಟ್ಟಬೇಕಾದ್ದರಿಂದ ಕೊಡೆಗಳೆಲ್ಲ ಅಲ್ಲೇ ಉಳಿದವು. ಹೆಸರು ಮಾತ್ರ ಅವರ ಜೊತೆ ಮನೆಗೆ ಬಂತು. ದಿನವಿಡೀ ಜನರನ್ನು ನಂಬದೆ ನಂಬದೆ ದಣಿದು ಅವರು ಸಂಜೆ ಮನೆ ಸೇರಿದರೆ, ಮೆಟ್ಟಿಲ ಮೇಲೆ ಆಗಲೇ ಯಾರೋ ನಿಂತಿರುತ್ತಿದ್ದರು. ಅವರ ಬೆನ್ನು ಕೊಡೆಯಪ್ಪನವರ ಮನೆಯ ಕಡೆಗೆ, ಮುಖ ಎದುರುಮನೆಯ ಕಡೆಗೆ.

ಎದುರುಮನೆ ನಿವೃತ್ತ ಹಲ್ಲಿನ ಡಾಕ್ಟರದ್ದು. ಹಳೇ ಪೇಟೆಯ ಆ ಓಣಿಯನ್ನು ಸರ್ಕಾರ 'ಪಾರಂಪರಿಕ ವಲಯ' ಎಂದು ಸಾರಿದ ವರ್ಷವೇ ಡಾಕ್ಟರು ತಮ್ಮ ಮನೆಯ ಮುಖವನ್ನು ಮೊದಲಿನಂತೆ ಮಾಡಿಸಿ, ಬಾಗಿಲ ಪಕ್ಕ ಹಿತ್ತಾಳೆಯ ಫಲಕ ಹೊಡೆಸಿಕೊಂಡಿದ್ದರು. ಅದನ್ನು ನೋಡಲು ಕ್ಯಾಮೆರಾ ಹಿಡಿದ ಜನ ಬರುತ್ತಿದ್ದರು. ಮನೆ ಪೂರ್ತಿ ಚಿತ್ರದಲ್ಲಿ ಸಿಗಬೇಕಾದರೆ ಕೊಡೆಯಪ್ಪನವರ ಮೂರನೇ ಮೆಟ್ಟಿಲ ಮೇಲೇ ನಿಲ್ಲಬೇಕು. ಒಂದು ದಿನ ಒಬ್ಬಾಕೆ ತಿರುಗಿಯೂ ನೋಡದೆ, "ಸ್ವಲ್ಪ ಹಿಂದೆ ಸರೀತೀರಾ, ನಿಮ್ಮ ನೆರಳು ಬೀಳ್ತಾ ಇದೆ" ಅಂದಳು. ಕೊಡೆಯಪ್ಪನವರು ಸರಿದರು. ಸರಿದು ಸರಿದು ತಮ್ಮ ಮನೆಯೊಳಗೇ ಹೋದರು.

"ನಮ್ಮದೂ ಅದೇ ಕಾಲದ ಮನೆ ಡಾಕ್ಟರೇ," ಎಂದು ಮರುದಿನ ಅವರು ಓಣಿಯ ಈಚೆಯಿಂದ ಹೇಳಿದರು.

"ಹಳೇದೆಲ್ಲ ಪರಂಪರೆ ಆಗೋದಿಲ್ಲ ಕಣ್ರೀ," ಅಂದರು ಡಾಕ್ಟರು ಓಣಿಯ ಆಚೆಯಿಂದ, ಫಲಕ ಒರೆಸುತ್ತ. "ಹುಳುಕು ಹಲ್ಲೂ ಹಳೇದೇ."

ಆ ಸೋಮವಾರವೇ ಕೊಡೆಯಪ್ಪನವರು ಪರಂಪರೆ ಕಚೇರಿಗೆ ಹೋಗಿ ಅರ್ಜಿ ಹಾಕಿದರು. ಹೆಂಡತಿಗೆ ಹೇಳಿದ್ದು ಅರ್ಜಿ ಹಾಕಿದ ಮೇಲೆ. ಅವರ ಮನೆಯ ದೊಡ್ಡ ನಿರ್ಧಾರಗಳೆಲ್ಲ ಹೀಗೇ ಆಗುತ್ತಿದ್ದವು. ಚಿಕ್ಕ ನಿರ್ಧಾರಗಳನ್ನು ಮಾತ್ರ ಆಕೆ ಸರಿಯಾಗಿ ನಡೆಸಿಕೊಂಡು ಹೋಗುತ್ತಿದ್ದಳು.

ವಾರಕ್ಕೆ ಪರಿಶೀಲನೆಯ ಮೇಡಂ ಬಂದರು. ಆಕೆಯ ಕೈಯಲ್ಲಿ ಒಪ್ಪಿತ ಬಣ್ಣಗಳ ಒಂದು ರಟ್ಟು, ಅಳತೆಪಟ್ಟಿ, ಮೂಗಿಗೆ ಕರವಸ್ತ್ರ. ಹದಿನಾಲ್ಕು ವರ್ಷದ ಸೇವೆಯ ನಂತರವೂ ಪರಂಪರೆಯ ಧೂಳು ಅವರಿಗೆ ಒಗ್ಗಿರಲಿಲ್ಲ. ಎರಡು ಸಲ ಸೀನಿ, ಮನೆಯನ್ನು ಬೀದಿಯಿಂದ ನೋಡಿದರು. ನಡುವೆ ಬಾಗಿಲು. ಎಡಕ್ಕೆ ಒಂದು ಕೋಣೆ. ಅದರಲ್ಲಿ ಕೊಡೆಯಪ್ಪನವರ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಲಕ್ಕೆ ಇನ್ನೊಂದು ಕೋಣೆ. ಅದರಲ್ಲಿ ಕೊಡೆಯಪ್ಪನವರು ಏನೂ ಮಾಡುತ್ತಿರಲಿಲ್ಲ. ಕಿಟಕಿಯ ಪಕ್ಕ ಒಂದು ಒರಗುಕುರ್ಚಿ, ಒಂದು ಬೀರು. ಸಂಜೆ ಆ ಕುರ್ಚಿಯಲ್ಲಿ ಒರಗಿದರೆ ಯಾರೂ ಏನೂ ಕೇಳಿಕೊಂಡು ಬರುತ್ತಿರಲಿಲ್ಲ. ಜಗತ್ತಿನಲ್ಲಿ ಅವರಿಗೆ ಬೇಕಾದದ್ದು ಅಷ್ಟೇ. ಜೊತೆಗೆ ಈಗ ಒಂದು ಫಲಕ.

"ಇಂಥ ಮನೆಗೆ ಒಂದು ಕಡೆ ಜಗಲಿ ಇರಬೇಕಲ್ಲ," ಅಂದರು ಮೇಡಂ. "ಎರಡು ಕಂಬ, ಮರದ ಕಟಾಂಜನ, ಸೂರಿಗೆ ಜಾಲರಿ. ಎಲ್ಲಿ?"

"ನಮ್ಮಪ್ಪ ಮುಚ್ಚಿಸಿ ಕೋಣೆ ಮಾಡಿಸಿದರಂತೆ ಮೇಡಂ. ನಾನು ಹುಟ್ಟೋ ಮುಂಚೆ."

"ಯಾವ ಕಡೇದು?"

"ಅದನ್ನ ಹೇಳೋ ಮುಂಚೆ ತೀರಿಕೊಂಡರು."

"ಹಾಗಾದರೆ ಪುರಾವೆ ಕೊಡಿ. ನಿಯಮದ ಪ್ರಕಾರ ಎರಡೇ ಪುರಾವೆ. ಒಂದು, ಹಳೇ ಚಿತ್ರ. ಇನ್ನೊಂದು, ಕಣ್ಣಾರೆ ಕಂಡು ಇನ್ನೂ ಬದುಕಿರೋರು. ಆಮೇಲೆ ಜಗಲಿಯನ್ನ ಎಲ್ಲಿತ್ತೋ ಅಲ್ಲೇ ಮತ್ತೆ ಕಟ್ಟಬೇಕು. ಖರ್ಚು ಕಚೇರೀದು, ಮೇಸ್ತ್ರಿ ಕಚೇರಿಯವನು."

"ಕೋಣೆ?"

"ಕೋಣೆ ಹೋಗುತ್ತೆ."

ಹೊಲಿಗೆ ಕೋಣೆಯಲ್ಲಿ ಮಿಷನ್ ನಿಂತಿತು. ಕೊಡೆಯಪ್ಪನವರು ದನಿ ತಗ್ಗಿಸಿ, "ಅರ್ಜಿ ವಾಪಸ್ ತಗೋಬಹುದಾ ಮೇಡಂ?" ಎಂದು ಕೇಳಿದರು.

"ಮನೆ ಪಟ್ಟಿಗೆ ಸೇರಿ ಆಯ್ತು," ಅಂದರು ಮೇಡಂ, ಮೂಗು ಒರೆಸಿಕೊಳ್ಳುತ್ತ, ಯಾವ ದ್ವೇಷವೂ ಇಲ್ಲದೆ. "ಪಟ್ಟಿಯಿಂದ ತೆಗೆಯೋಕೆ ಫಾರಂ ಇಲ್ಲ."

ಪುರಾವೆ ಸಿಕ್ಕಿತು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಹಳೇ ಪಂಚೆಯಲ್ಲಿ ಸುತ್ತಿದ ಒಂದು ಗಾಜಿನ ನೆಗೆಟಿವ್. ಬೆಳಕಿಗೆ ಹಿಡಿದರೆ ಮನೆ, ಮನೆಯ ಮುಂದೆ ತಾತ, ತಾತನ ಇಬ್ಬರು ತಮ್ಮಂದಿರು, ಒಂದು ಪಕ್ಕಕ್ಕೆ ಜಗಲಿ. ಕಪ್ಪು ಮುಖ, ಬಿಳಿ ಕೂದಲು, ಆದರೂ ತಾತನೇ. ಕೊಡೆಯಪ್ಪನವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸ್ಟುಡಿಯೋಗೆ ನಡೆದರು.

ಸ್ಟುಡಿಯೋದವನು ಗಾಜನ್ನು ಹಿಂದೆ ಮುಂದೆ ತಿರುಗಿಸಿದ. "ಸಾರ್, ಎರಡೂ ಕಡೆ ನುಣ್ಣಗಾಗಿಬಿಟ್ಟಿದೆ. ಮುಖ ಯಾವುದು, ಬೆನ್ನು ಯಾವುದು, ಗೊತ್ತಾಗ್ತಾ ಇಲ್ಲ. ಹೀಗೆ ಹಾಕಿ ತೆಗೀಲಾ, ಹೀಗೆ ಹಾಕಿ ತೆಗೀಲಾ?"

ಇಲ್ಲಿ ಒಂದು ವಿಷಯ ಹೇಳಬೇಕು. ಕೊಡೆಯಪ್ಪನವರ ಮೂಗು ಸ್ವಲ್ಪ ಒಂದು ಪಕ್ಕಕ್ಕೆ ವಾಲಿತ್ತು. ಅದು ತಾತನಿಂದ ಬಂದ ಮೂಗು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ತಾತನಿಂದ ಅವರಿಗೆ ಬಂದ ಆಸ್ತಿಯಲ್ಲಿ ಈ ಮನೆಯನ್ನು ಬಿಟ್ಟರೆ ಅದೊಂದೇ. ಅವರು ಗೋಡೆಯ ಕನ್ನಡಿಯ ಮುಂದೆ ನಿಂತು, ಮೂಗು ಯಾವ ಕಡೆ ವಾಲಿದೆಯೆಂದು ನೋಡಿಕೊಂಡರು. ಗಾಜಿನಲ್ಲಿ ತಾತನನ್ನು ನೋಡಿದರು. ಗಾಜು ತಿರುಗಿಸಿದರು. ಮತ್ತೆ ಕನ್ನಡಿ ನೋಡಿದರು.

"ಹೀಗೆ," ಅಂದರು. "ಮೂಗು ಕೂಡಿಬಂತು."

ಚಿತ್ರ ಎರಡಡಿ ಅಗಲಕ್ಕೆ ದೊಡ್ಡದಾಗಿ ಬಂತು. ಕೊಡೆಯಪ್ಪನವರು ಅದನ್ನು ಮೊದಲು ಹೆಂಡತಿಯ ಕತ್ತರಿಸುವ ಮೇಜಿನ ಮೇಲೆ ಹರಡಿ, "ಮೂಗು ನೋಡು, ನಂದೇ ಅಲ್ವಾ?" ಅಂದರು. ಆಕೆ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು, ಚಿತ್ರವನ್ನು ಬಹಳ ಹೊತ್ತು ನೋಡಿ, "ಮೂಗು ಚೆನ್ನಾಗಿ ಬಂದಿದೆ ರೀ. ಇದನ್ನೇ ಕೊಡಿ," ಅಂದಳು. ಹೆಂಡತಿ ಇಷ್ಟು ಬೇಗ ಒಪ್ಪಿದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಅವರು ಇನ್ನೊಂದು ಪ್ರತಿಯನ್ನೂ ಹಾಕಿಸಿದರು.

ಚಿತ್ರದಲ್ಲಿ ಜಗಲಿ ಬಲಗಡೆ ಇತ್ತು.

ಕಣ್ಣಾರೆ ಕಂಡು ಇನ್ನೂ ಬದುಕಿದ್ದವರು ಸೋದರತ್ತೆ. ವಯಸ್ಸು ಎಂಬತ್ತೊಂದು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದವರು ಸಾಕ್ಷಿ ಹೇಳಲೆಂದೇ ಬಂದು, ಎರಡು ಪೆಟ್ಟಿಗೆ ಇಳಿಸಿ, ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದರು. ಇಳಿಸಿದ ಪೆಟ್ಟಿಗೆಗಳನ್ನು ನೋಡಿದರೆ ಸಾಕ್ಷಿ ಸುಮಾರು ದಿನ ನಡೆಯುವಂತಿತ್ತು.

"ಜಗಲಿ ಯಾವ ಕಡೆ ಇತ್ತು, ನೆನಪಿದೆಯಾ ಅಜ್ಜಿ?" ಎಂದು ಮೇಡಂ ಕೇಳಿದರು.

"ನೆನಪಿಲ್ಲದೆ ಏನಮ್ಮ. ಬಲಗಡೆ. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಬಂದು ಬಲಕ್ಕೆ ತಿರುಗಿದರೆ ಜಗಲಿ. ಅಲ್ಲಿ ಕೂರಿಸಿ ನಮ್ಮಮ್ಮ ತಲೆ ಬಾಚ್ತಿದ್ದಳು. ಸಿಕ್ಕು ಅಂದರೆ ಸಿಕ್ಕು. ಬಾಚಣಿಗೆ ಹಲ್ಲು ಮುರೀತಿತ್ತು. ಒಂದು ಸಲ ಏನಾಯ್ತು ಗೊತ್ತಾ..."

ಸರ್ಕಾರಿ ಫಾರಂನಲ್ಲಿ ಉತ್ತರಕ್ಕೆ ಬಿಟ್ಟ ಜಾಗ ಒಂದೂವರೆ ಇಂಚು. 'ಬಲ' ಎಂಬ ಎರಡಕ್ಷರ ಅದರಲ್ಲಿ ಹಿಡಿಸಿತು. ಹೊಸ್ತಿಲು, ತಿರುಗುವುದು, ಬಾಚಣಿಗೆ ಹಿಡಿಸಲಿಲ್ಲ. ಬೀದಿಯಿಂದ ಒಳಗೆ ನೋಡುವವರ ಬಲ ಬೇರೆ, ಒಳಗಿಂದ ಬೀದಿಗೆ ಬರುವವರ ಬಲ ಬೇರೆ ಎಂಬುದು ಆ ಹೊತ್ತಿಗೆ ಮೇಡಂ, ಅತ್ತೆ, ಕೊಡೆಯಪ್ಪನವರು ಈ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೇಡಂ ಸೀನಿದರು, ಅತ್ತೆ ಹೆಬ್ಬೆಟ್ಟು ಒತ್ತಿದರು.

ಇಪ್ಪತ್ತು ದಿನಕ್ಕೆ ಆದೇಶ ಬಂತು. ಕೊಡೆಯಪ್ಪನವರು ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು. ಚಿತ್ರವೂ ಸಾಕ್ಷಿಯೂ ಪರಸ್ಪರ ತಾಳೆಯಾಗಿರುವುದರಿಂದ ಬಲಭಾಗದ ಕೋಣೆಯ ಮುಂಗೋಡೆಯನ್ನು ತೆಗೆದು ಸದರಿ ಸ್ಥಳದಲ್ಲಿ ಜಗಲಿಯನ್ನು ಮರುಸ್ಥಾಪಿಸತಕ್ಕದ್ದು. ಎಡಭಾಗದ ಕೋಣೆಯು ಮೂಲ ರಚನೆಯಾದ್ದರಿಂದ ಅದರ ಒಂದು ಇಟ್ಟಿಗೆಯನ್ನೂ ಯಾರೂ ಯಾವ ಕಾಲಕ್ಕೂ ಅಲುಗಿಸತಕ್ಕದ್ದಲ್ಲ.

ಎರಡನೆಯ ಸಲ ಓದುವಾಗ ಬಲಭಾಗದ ಕೋಣೆ ಯಾರದೆಂದು ಅವರಿಗೆ ಗೊತ್ತಾಯಿತು. ಪತ್ರ ಹಿಡಿದ ಕೈ ಇಳಿಯಿತು.

"ಸರ್ಕಾರದವರು ಹೇಳಿದ ಮೇಲೆ ಇನ್ನೇನು ಮಾಡೋಕಾಗುತ್ತೆ," ಅಂದಳು ಹೆಂಡತಿ ಒಳಗಿಂದ. ಮಿಷನ್ ಮತ್ತೆ ಓಡತೊಡಗಿತು. ಅದರ ಸದ್ದಿನಲ್ಲಿ ಒಂದು ಉಲ್ಲಾಸ ಇದ್ದಂತೆ ಕೊಡೆಯಪ್ಪನವರಿಗೆ ಕೇಳಿಸಿತು. ಎಣ್ಣೆ ಹಾಕಿದ್ದಿರಬೇಕು ಎಂದುಕೊಂಡರು.

ಮೇಸ್ತ್ರಿ ಬಂದ. ಮಾತು ಕಡಿಮೆ, ಮೀಸೆಯ ಮೇಲೆ ಸುಣ್ಣ. ಕೊಡೆಯಪ್ಪನವರ ಕೋಣೆಯ ಮುಂಗೋಡೆಗೆ ಸುತ್ತಿಗೆಯ ಹಿಡಿಯಿಂದ ಮೂರು ಕಡೆ ಬಡಿದ. ಕಿವಿ ಇಟ್ಟು ಕೇಳಿದ. ಎದ್ದು ಓಣಿಯಲ್ಲಿ ನಡೆದು, ಹೊಲಿಗೆ ಕೋಣೆಯ ಗೋಡೆಗೂ ಮೂರು ಕಡೆ ಬಡಿದ. ಅದು ಡಬ್ಬದಂತೆ ಸದ್ದು ಮಾಡಿತು. ಮೇಸ್ತ್ರಿ ಒಂದು ಬೀಡಿ ಹೊತ್ತಿಸಿದ.

"ಯಜಮಾನರೇ, ನಿಮ್ಮ ಕೋಣೆ ಗೋಡೆ ಎರಡಡಿ ದಪ್ಪ. ಗಾರೆ ಕೆಲಸ. ಮನೆ ಜೊತೆ ಹುಟ್ಟಿದ್ದು. ಆ ಕಡೇದು ಆಮೇಲೆ ಎಬ್ಬಿಸಿದ್ದು. ಜಗಲಿ ಇದ್ದಿದ್ದು ಅಲ್ಲಿ."

"ಅಂದರೆ?"

"ಅಂದರೆ ಏನಿಲ್ಲ. ನಿಮ್ಮ ಕೋಣೆ ಒಡೀಬೇಕು ಅಂತ ಕಾಗದ. ಒಡೀತೀನಿ. ಮಂಗಳವಾರ ಬರ್ತೀನಿ."

"ಕಚೇರೀಲಿ ಈ ಮಾತು ಹೇಳಪ್ಪ."

"ಗೋಡೆ ದಪ್ಪ ಅವರ ಪಟ್ಟೀಲಿಲ್ಲ ಯಜಮಾನರೇ. ಚಿತ್ರ, ಇಲ್ಲ ಮನುಷ್ಯರು. ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ನನಗೂ ಸಾಕಾಗಿದೆ." ಬೀಡಿ ಮುಗಿಯುವವರೆಗೆ ಅವನು ಗೋಡೆಯನ್ನು ಸ್ವಲ್ಪ ಮರ್ಯಾದೆಯಿಂದ ನೋಡಿದ. ಆಮೇಲೆ ಹೋದ.

ಕೊಡೆಯಪ್ಪನವರು ಹೊಲಿಗೆ ಕೋಣೆಗೆ ನುಗ್ಗಿದರು. ನುಗ್ಗಿದರು ಎಂದರೆ, ಬಟ್ಟೆಯ ರಾಶಿಗಳ ನಡುವೆ ದಾರಿ ಹುಡುಕಿಕೊಂಡು ಮೇಜಿನವರೆಗೆ ತಲುಪಿದರು.

"ನಿನ್ನ ಗೋಡೆ ಟೊಳ್ಳಂತೆ."

"ಗೊತ್ತು. ಮೊಳೆ ಹೊಡೆದರೆ ಓಣಿಗೆ ಬರುತ್ತೆ."

"ಹಾಗಾದರೆ ಫೋಟೋದಲ್ಲಿ ಯಾಕೆ ಆ ಕಡೆ ಇದೆ?"

"ಫೋಟೋ ತಿರುಗುಮುರುಗಾಗಿದೆ," ಅಂದಳು ಹೆಂಡತಿ, ಅಂಚು ಮಡಿಸುತ್ತ. "ತಾತನ ಜೇಬು ನೋಡಿ. ಗಂಡಸರ ಅಂಗಿಗೆ ಜೇಬು ಎದೆಯ ಎಡಕ್ಕೆ. ವರ್ಷಕ್ಕೆ ನೂರಾರು ಜೇಬು ಹಾಕ್ತೀನಿ, ನನಗೆ ಗೊತ್ತಿಲ್ವಾ? ಫೋಟೋದಲ್ಲಿ ಮೂರು ಜನಕ್ಕೂ ಬಲಕ್ಕಿದೆ. ಒಬ್ಬರಿಗಾದರೆ ದರ್ಜಿ ತಪ್ಪು ಅನ್ನಬಹುದು."

ಕೊಡೆಯಪ್ಪನವರು ಕುಳಿತುಕೊಳ್ಳಲು ಜಾಗ ನೋಡಿದರು. ಇರಲಿಲ್ಲ.

"ಯಾವಾಗ ನೋಡಿದೆ?"

"ನೀವು ತಂದ ದಿನ."

"ಹೇಳಬಾರದಾ?"

"ನೀವು ಜೇಬಿನ ವಿಷಯ ಕೇಳಲಿಲ್ಲ. ಮೂಗಿನ ವಿಷಯ ಕೇಳಿದಿರಿ."

"ಮೂಗು ಸರಿಯಾಗೇ ಇದೆಯಲ್ಲೇ. ನಾನು ಕನ್ನಡಿ ನೋಡ್ಕೊಂಡೇ ಹೇಳಿದೆ."

"ಅದೇ ಆಗಿದ್ದು. ನಿಮ್ಮ ಮೂಗನ್ನ ನೀವು ಕನ್ನಡೀಲಿ ನೋಡಿದ್ದೀರಿ. ನಾನು ಇಪ್ಪತ್ತಾರು ವರ್ಷದಿಂದ ಎದುರಿಗೆ ನೋಡ್ತಾ ಇದ್ದೀನಿ. ಅದು ವಾಲಿರೋದು ಆ ಕಡೆಗೆ." ಕತ್ತರಿಯಿಂದ ತೋರಿಸಿದಳು.

ಅವರು ಮೂಗು ಮುಟ್ಟಿ ನೋಡಿಕೊಂಡರು. ಐವತ್ತೈದು ವರ್ಷ ಜೊತೆಗಿದ್ದ ವಸ್ತು ಒಂದು ಗಳಿಗೆಯಲ್ಲಿ ಬೇರೆಯವರದ್ದಾಗಿತ್ತು.

"ನಾನು ಹೋಗಿ ನಿಜ ಹೇಳ್ತೀನಿ," ಅಂದರು.

"ಹೇಳಿ. ಈ ಕೋಣೆ ಒಡೀತಾರೆ. ಮೂರು ಮಿಷನ್, ಈ ಮೇಜು. ಮೇಜನ್ನ ಒಳಗೇ ಕೂರಿಸಿ ಮಾಡಿದ್ದು, ಬಾಗಿಲಲ್ಲಿ ಹೋಗಲ್ಲ. ಜೂನ್ ಒಳಗೆ ನಾನೂರು ಜೊತೆ ಕೊಡಬೇಕು. ಬೀದಿಯ ಬೆಳಕು ಬೀಳೋದು ಇಲ್ಲೇ. ನಿಮ್ಮ ಕೋಣೇಲಿ ಏನಿದೆ? ಒಂದು ಕುರ್ಚಿ, ಒಂದು ಬೀರು. ನೀವು ಕೂತರೆ ಮೂರು ಸಾಮಾನು."

"ನನ್ನ ಕೆಲಸ ಏನು ಗೊತ್ತಾ? ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕೊಡೆ ತಪ್ಪು ಕೈಗೆ ಕೊಟ್ಟೋನಲ್ಲ ನಾನು."

"ಸರಿಯಾದ ಕೈಗೂ ಕೊಟ್ಟಿಲ್ಲ," ಅಂದಳು ಹೆಂಡತಿ. ಆಮೇಲೆ ಆ ವಿಷಯ ಮಾತಾಡಲಿಲ್ಲ. ಆಕೆ ಜಗಳ ಮುಂದುವರಿಸದಿದ್ದರೆ ಹೆದರಬೇಕು ಎಂದು ತಿಳಿಯುವಷ್ಟು ಅನುಭವ ಕೊಡೆಯಪ್ಪನವರಿಗೆ ಇತ್ತು. ಹೆದರುವಷ್ಟು ಶಕ್ತಿ ಮಾತ್ರ ಆ ಸಂಜೆ ಉಳಿದಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯಿಂದ ಒಂದು ತಕರಾರು ಅರ್ಜಿ ಹೋಗಿತ್ತು. ಓಣಿಯಲ್ಲಿ ಎರಡನೆಯ ಫಲಕ ಬಂದರೆ ಮೊದಲನೆಯದರ ಹೊಳಪು ಎಷ್ಟಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಅಂದಾಜು ಮಾಡಿದ್ದರು. ಬಾಲ್ಯದಲ್ಲಿ ಸದರಿ ಜಗಲಿಯ ಮೇಲೆ ತಾನೇ ಆಡಿದ್ದು, ಅದು ಎಡಗಡೆ ಇದ್ದದ್ದು ಖಚಿತ, ಚಿತ್ರವು ಸಂಶಯಾಸ್ಪದ ಎಂದು ಅವರು ಬರೆದಿದ್ದರು. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸೋಮವಾರ ವಿಚಾರಣೆ ಎಂದು ನೋಟೀಸು ಬಂತು.

ಕೊಡೆಯಪ್ಪನವರಿಗೆ ಹೋದ ಜೀವ ಬಂದಂತಾಯಿತು. ಇದೊಂದು ದಾರಿ. ಡಾಕ್ಟರ ತಕರಾರಿಗೆ ಎದ್ದುನಿಂತು 'ಹೌದು' ಅಂದುಬಿಟ್ಟರೆ ಸಾಕು. ಪುರಾವೆಗೆ ಜೇಬು ಇದೆ. ಭಾನುವಾರವೆಲ್ಲ ಕುರ್ಚಿಯಲ್ಲಿ ಒರಗಿ ಅವರು ಮಾತು ಕಟ್ಟಿದರು: ಮೇಡಂ, ಇದು ನನ್ನ ಅಂಗಿ, ಇದು ನನ್ನ ಜೇಬು, ಇದು ಎಡಗಡೆ, ತಾತನದು ಬಲಗಡೆ, ಆದ್ದರಿಂದ. 'ಆದ್ದರಿಂದ' ಎಂಬಲ್ಲಿ ಒಂದು ಕ್ಷಣ ನಿಲ್ಲಿಸಬೇಕು. ಹೊಲಿಗೆ ಕೋಣೆಯಲ್ಲಿ ಮಿಷನ್ ಮಧ್ಯಾಹ್ನದ ಊಟದ ಹೊತ್ತಿಗೂ ನಿಲ್ಲಲಿಲ್ಲ. ಜೂನ್ ಹತ್ತಿರ ಬಂತು, ಪಾಪ, ಎಂದುಕೊಂಡು ಅವರು ನಿದ್ದೆ ಹೋದರು.

ಸೋಮವಾರ ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿದ ಅಂಗಿಯನ್ನು ಬಿಡಿಸಿ ಹಿಡಿದಳು; ಅವರು ತೋಳು ತೂರಿಸಿದರು. ಕನ್ನಡಕವನ್ನೂ ಆಕೆಯೇ ಜೇಬಿಗೆ ಹಾಕಿದಳು. ಅವರ ತುಟಿಗಳು 'ಆದ್ದರಿಂದ' ಎನ್ನುತ್ತಿದ್ದವು. "ನಾನೂ ಬರ್ತೀನಿ," ಅಂದಳು ಹೆಂಡತಿ. "ನಾನೂ," ಅಂದರು ಅತ್ತೆ. ಅವರು ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

ಮೇಡಂ ಕೋಣೆ ಮೂರನೇ ಮಹಡಿಯಲ್ಲಿ. ಗೋಡೆಗೆ ಒರಗಿಸಿದ ನಾಲ್ಕು ಹಳೇ ಬಾಗಿಲುಗಳು, ಯಾವ ಮನೆಯವೋ ಯಾರಿಗೂ ಗೊತ್ತಿಲ್ಲ. ಅವುಗಳ ಮುಂದೆ ಡಾಕ್ಟರು ಕೋಲು ಊರಿಕೊಂಡು ಕುಳಿತಿದ್ದರು.

"ಎಡ," ಅಂದರು ಡಾಕ್ಟರು. "ಎಪ್ಪತ್ತು ವರ್ಷದಿಂದ ಆ ಮನೆಗೆ ಎದುರಿಗಿದ್ದೀನಿ."

"ನೀನು ಎದುರಿಗಿದ್ದೆ," ಅಂದರು ಅತ್ತೆ. "ನಾನು ಒಳಗಿದ್ದೆ. ಮನೆ ಯಾರದು? ಅಲ್ಲ ಮೇಡಂ, ಇವನ ಮಾತು ಕೇಳ್ತೀರಲ್ಲ, ಇವನ ಚಡ್ಡಿ ಗುಂಡಿ ಹಾಕಿ ಕಳಿಸಿದವಳು ನಾನು. ಆಗ ಇವನಿಗೆ ತನ್ನ ಎಡಗಾಲು ಚಪ್ಪಲಿ ಯಾವುದು ಅಂತಲೇ ಗೊತ್ತಿರಲಿಲ್ಲ. ಜಗಲಿ ಎಡ ಅಂತೆ."

"ಆ ವಯಸ್ಸಿನಲ್ಲಿ ಯಾರಿಗೆ ಗೊತ್ತಿರುತ್ತೆ," ಅಂದರು ಡಾಕ್ಟರು, ಕಿವಿ ಕೆಂಪಾಗಿ.

"ಆ ವಯಸ್ಸಿನ ಸಾಕ್ಷಿ ಹೇಳೋಕೆ ತಾನೇ ನೀನು ಬಂದಿರೋದು?"

ಮೇಡಂ ಕರವಸ್ತ್ರ ಮಡಿಸಿಟ್ಟರು. "ಇವರ ನೆನಪು ಬಲ. ಅವರ ನೆನಪು ಎಡ. ನೆನಪಿಗೆ ನೆನಪು ವಜಾ. ಉಳಿಯೋದು ಚಿತ್ರ. ಚಿತ್ರ ಸರಿಯಿಲ್ಲ ಅನ್ನೋದಾದರೆ ಅದರೊಳಗಿಂದಲೇ ಏನಾದರೂ ತೋರಿಸಬೇಕು. ಮಾಲೀಕರು ಏನು ಹೇಳ್ತೀರಿ?"

ಕೊಡೆಯಪ್ಪನವರು ಎದ್ದುನಿಂತರು. ಚಿತ್ರವನ್ನು ಮೇಜಿನ ಮೇಲೆ ಹರಡಿದರು. "ಮೇಡಂ, ತಾತನ ಜೇಬು ನೋಡಿ. ಯಾವ ಕಡೆ ಇದೆ?"

"ಬಲಕ್ಕಿದೆ."

"ಈಗ ನನ್ನ ಜೇಬು ನೋಡಿ," ಎಂದು ಅವರು ಎದೆ ಉಬ್ಬಿಸಿ, ಎಡಗಡೆಗೆ ಅಂಗೈ ತಟ್ಟಿದರು. "ಇದು ನನ್ನ ಅಂಗಿ. ಇದು ನನ್ನ ಜೇಬು. ಇದು..."

ಅಂಗೈ ಕೆಳಗೆ ಬರೀ ಎದೆ ಇತ್ತು. ಅವರು ಇನ್ನೊಮ್ಮೆ ತಟ್ಟಿದರು. ಬಗ್ಗಿ ನೋಡಿದರು. ಕನ್ನಡಕ ಬಲಗಡೆಯಿಂದ ಅವರನ್ನು ನೋಡುತ್ತಿತ್ತು.

ಕೋಣೆಯಲ್ಲಿ ಎಲ್ಲರೂ ಜೇಬನ್ನು ನೋಡಿದರು. ಹೆಂಡತಿ ಮಾತ್ರ ಸರ್ಕಾರಿ ಕಿಟಕಿಯ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ಅದರ ಹೊಲಿಗೆ ಎಷ್ಟು ಸಡಿಲ ಎಂದು ಪರೀಕ್ಷಿಸುತ್ತಿದ್ದಳು.

"ಅಂದರೆ," ಅಂದರು ಮೇಡಂ ನಿಧಾನವಾಗಿ, ಬರೆದುಕೊಳ್ಳುತ್ತ, "ನಿಮ್ಮ ಮನೆತನದಲ್ಲಿ ಜೇಬು ಬಲಗಡೆ ಇಡೋ ಪದ್ಧತಿ. ಹಾಗಾಗಿ ಚಿತ್ರ ಸರಿಯಾಗಿದೆ. ಅದನ್ನ ಹೇಳೋಕೆ ಎದ್ದಿರಿ."

"ಮೊದಲಿನಿಂದಲೂ," ಅಂದರು ಅತ್ತೆ. ಅವರಿಗೆ ಜೇಬಿನ ವಿಷಯ ಏನೂ ಗೊತ್ತಿರಲಿಲ್ಲ. ಡಾಕ್ಟರ ಮುಖ ಸಪ್ಪಗಾದದ್ದು ಕಂಡಿತ್ತು, ಅಷ್ಟು ಸಾಕಿತ್ತು.

"ಇದು ಮೋಸ," ಅಂದರು ಡಾಕ್ಟರು. "ಇವತ್ತಿಗೆ ಅಂತ ಹೊಲಿಸಿಕೊಂಡು ಬಂದಿದ್ದಾರೆ. ಹೆಂಡತಿ ಟೈಲರ್, ಮೇಡಂ. ಇವರ ಬೇರೆ ಅಂಗಿ ತೆಗೆಸಿ ನೋಡಿ."

ಮೇಡಂ ಗಡಿಯಾರ ನೋಡಿದರು. ಫೈಲು ನೋಡಿದರು. ಎದ್ದರು.

ಓಣಿಯಲ್ಲಿ ಆ ಹನ್ನೊಂದು ಗಂಟೆಯ ಬಿಸಿಲಲ್ಲಿ ಹೊರಟ ಮೆರವಣಿಗೆಯನ್ನು ಕಂಡು ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಮುಂದೆ ಮೇಡಂ ಸೀನುತ್ತ, ಹಿಂದೆ ಡಾಕ್ಟರು ಕೋಲು ಕುಟ್ಟುತ್ತ, ಅವರ ಹಿಂದೆ ಅತ್ತೆ, ಹಿಂದೆ ಹೆಂಡತಿ. ಕೊನೆಯಲ್ಲಿ ಬಲಗಡೆಗೆ ಕೈ ಅಡ್ಡ ಇಟ್ಟುಕೊಂಡು ಕೊಡೆಯಪ್ಪನವರು. ಎದೆನೋವಿರಬೇಕು ಎಂದು ಯಾರೋ ಕುರ್ಚಿ ತಂದರು. "ಬೇಡ, ಜೇಬು," ಅಂದರು ಕೊಡೆಯಪ್ಪನವರು. ತಂದವರು ಕುರ್ಚಿ ವಾಪಸ್ ತೆಗೆದುಕೊಂಡು ಹೋದರು.

ಬೀರು ತೆರೆಯಲಾಯಿತು. ಏಳು ಅಂಗಿ. ಕೆಲಸದ ನಾಲ್ಕು, ಮದುವೆ ಮುಂಜಿಗೆ ಹಾಕುವ ಎರಡು, ಕಾಲರ್ ಹರಿದದ್ದೊಂದು. ಏಳಕ್ಕೂ ಜೇಬು ಬಲಗಡೆ. ಹರಿದ ಕಾಲರಿನದಕ್ಕೂ.

"ಏಳು," ಅಂದರು ಮೇಡಂ.

ಎರಡನೆಯದನ್ನು ಅವರು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಆ ನೀಲಿ ಅಂಗಿ ಒಗೆದು ಒಗೆದು ಬೂದಿಯಾಗಿತ್ತು. ಎಡಗಡೆ ಎದೆಯ ಮೇಲೆ, ಅಂಗೈ ಅಗಲದ ಒಂದು ಚೌಕ ಮಾತ್ರ ಅಂಗಡಿಯಿಂದ ತಂದ ದಿನದ ನೀಲಿಯಾಗಿ ಉಳಿದಿತ್ತು. ಚೌಕದ ಸುತ್ತ ಬಿಚ್ಚಿದ ಹೊಲಿಗೆಯ ಸಣ್ಣ ಸಣ್ಣ ರಂಧ್ರ. ಮೇಡಂ ಆ ಚೌಕವನ್ನು ನೋಡಿದರು. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಹೆಂಡತಿಯ ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು, ಅವಳ ಹಿಂದೆ ಎದೆಮಟ್ಟಕ್ಕೆ ಸಮವಸ್ತ್ರದ ರಾಶಿ. ಆಕೆ ಮೊದಲ ಸಲ ತಲೆ ತಗ್ಗಿಸಿದಳು.

ಚೌಕ ಕೊಡೆಯಪ್ಪನವರಿಗೂ ಕಂಡಿತು. ಕೊಡೆಯ ಬಾಗಿದ ಕಡ್ಡಿ ಎಷ್ಟನೆಯದೆಂದು ಮಾರು ದೂರದಿಂದ ಹೇಳುವ ಕಣ್ಣು ಅದು. ಬಾಯಿ ತೆರೆದರೆ ಸಾಕಿತ್ತು.

"ಏನು ಅದು? ಏನು ಕಾಣಿಸ್ತು?" ಎಂದು ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದರು.

ಕೊಡೆಯಪ್ಪನವರು ಮೇಡಂ ಕೈಯಿಂದ ಅಂಗಿಯನ್ನು ಮೆಲ್ಲಗೆ ತೆಗೆದುಕೊಂಡು, ಮಡಿಸಿ, ಒಳಗಿಟ್ಟು, ಬೀರುವಿನ ಬಾಗಿಲು ಹಾಕಿದರು.

"ಅಂಗಿ ಡಾಕ್ಟರೇ," ಅಂದರು. "ಹಳೇ ಅಂಗಿ."

ಮೇಡಂ ಒಂದು ಸಲ ಸೀನಿ, ಫೈಲಿನಲ್ಲಿ 'ಏಳೂ ಅಂಗಿಗಳನ್ನು ಪರಿಶೀಲಿಸಲಾಯಿತು, ತಕರಾರು ವಜಾ' ಎಂದು ಬರೆದರು. ಕೊಡೆಯಪ್ಪನವರು ತೋರಿಸಿದ ಕಡೆ ಸಹಿ ಹಾಕಿದರು. ಪೆನ್ನನ್ನು ಎಡಗಡೆ ಜೇಬಿಗೆ ಇಡಲು ಹೋದರು. ಅದು ನೆಲಕ್ಕೆ ಬಿತ್ತು. ಹೆಂಡತಿ ಬಂದು ಎತ್ತಿಕೊಟ್ಟಳು.

ಗೋಡೆ ಗಟ್ಟಿಯಾಗಿದ್ದುದರಿಂದ ಮೇಸ್ತ್ರಿಗೆ ಹನ್ನೊಂದು ದಿನ ಹಿಡಿಯಿತು. ಎಂದೂ ಇಲ್ಲದಿದ್ದ ಜಾಗದಲ್ಲಿ ಮೂಲ ಜಗಲಿಯನ್ನು ಮರುಸ್ಥಾಪಿಸಲಾಯಿತು. ಬಾಗಿಲ ಪಕ್ಕ ಹಿತ್ತಾಳೆಯ ಫಲಕವೂ ಬಂತು. ಒರಗುಕುರ್ಚಿಯನ್ನು ಹೊಲಿಗೆ ಕೋಣೆಯಲ್ಲಿ ಮೇಜಿಗೂ ಕಿಟಕಿಗೂ ನಡುವೆ ಹಾಕಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅದರ ಮೇಲೆ ಹೊಲಿದ ಸಮವಸ್ತ್ರಗಳಿರುತ್ತವೆ. ಏಳರ ಮೇಲೆ ಕೊಡೆಯಪ್ಪನವರು ಕುಳಿತುಕೊಳ್ಳಬಹುದು.